ಪಂಜೆ ಮಂಗೇಶರಾಯರೂ ನಮ್ಮ ಬಳ್ಳಾರಿಯ ಮಕ್ಕಳೂ

ಕನ್ನಡ ಶಾಲೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಬಂದ ಯಾರನ್ನಾದರೂ ನಿಲ್ಲಿಸಿ, ನಾಗರಹಾವಿನ ಹಾಡು ಬರುವುದೇ ಎಂದು ಕೇಳಿರಿ. ವಕೀಲರಾಗಲಿ, ಗುಮಾಸ್ತರಾಗಲಿ, ಅಂಗಡಿಯ ಸಾಹುಕಾರರಾಗಲಿ, ಎಂದೋ ಎಳೆಯದರಲ್ಲಿ ಕಲಿತುದನ್ನು ಒಂದು ಪದವೂ ತಪ್ಪದಂತೆ ಹೇಳಿಯಾರು. ಅದನ್ನು ಕಟ್ಟಿದವರಾರೆಂದು ಕೇಳಿದರೆ ಮಾತ್ರ ಬಹುಮಂದಿ ತಲೆ ತುರಿಸಿಕೊಳ್ಳುವರು. ಹಾಡು ಉಳಿದು ಹೆಸರು ಅಳಿಯುವುದೇ ಕವಿಗೆ ಸಲ್ಲುವ ದೊಡ್ಡ ಮರ್ಯಾದೆಯೆಂದು ವಾದಿಸುವವರುಂಟು. ಆ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೂ ಕಟ್ಟಿದವನ ಹೆಸರು ಮರೆತಲ್ಲಿ, ಅವನು ಅದನ್ನು ಯಾರಿಗಾಗಿ, ಯಾವ ಕೊರತೆಯನ್ನು ಕಂಡು ಕಟ್ಟಿದನೆಂಬ ಸಂಗತಿಯೂ ಮರೆತುಹೋಗುತ್ತದೆ. ಪಂಜೆ ಮಂಗೇಶರಾಯರ ವಿಷಯದಲ್ಲಿ ಆಗಿರುವುದು ಇದೇ.

ಕರಾವಳಿಯ ಈ ಮಹನೀಯರನ್ನು ಬಳ್ಳಾರಿಯಲ್ಲಿ ಕುಳಿತು ನೆನೆಯುವುದೇತಕ್ಕೆ ಎಂದು ವಾಚಕರು ಕೇಳಬಹುದು. ಶಾಲೆ ಬಿಡುವ ಹೊತ್ತಿಗೆ ನಮ್ಮ ಸತ್ಯನಾರಾಯಣಪೇಟೆಯ ಬೀದಿಯಲ್ಲಿ ನಿಂತು ಕಿವಿಗೊಟ್ಟವರಿಗೆ ಅದರ ಉತ್ತರವು ತಾನಾಗಿಯೇ ದೊರೆತೀತು. ತಾಯಿ ಮಗುವನ್ನು ತೆಲುಗಿನಲ್ಲಿ ಕೂಗಿ ಕರೆಯುತ್ತಾಳೆ. ಮಗು ತನ್ನ ಜೊತೆಗಾರನಿಗೆ ಕನ್ನಡದಲ್ಲಿ ಏನನ್ನೋ ಹೇಳಿ ಓಡಿಬರುತ್ತದೆ. ಆ ಜೊತೆಗಾರನು ಮನೆಗೆ ಹೋಗಿ ಆಡುವುದು ಉರ್ದು. ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಜೀನ್ಸ್ ಹೊಲಿಗೆಯ ಕೆಲಸಕ್ಕೆಂದು ಪಟ್ಟಣ ಸೇರಿದವರ ಮಕ್ಕಳು ಒಂದು ಬಗೆಯ ಕನ್ನಡವನ್ನು ತಂದರೆ, ತಾಂಡಾಗಳಿಂದ ಬಂದವರ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ. ಇಂಥ ಊರಿನಲ್ಲಿ ಕನ್ನಡವು ಎಷ್ಟೋ ಮಕ್ಕಳಿಗೆ ತೊಟ್ಟಿಲಿನಿಂದ ಬಂದುದಲ್ಲ, ಶಾಲೆಯಿಂದ ಬಂದುದು. ಆ ಶಾಲೆಯು ಕನ್ನಡವನ್ನು ಅವರ ಕೈಯಲ್ಲಿ ಯಾವ ರೂಪದಿಂದ ಇಡುತ್ತದೆ ಎಂಬುದರ ಮೇಲೆ ಈ ಜಿಲ್ಲೆಯ ಮುಂದಿನ ಭಾಷಾಜೀವನವು ನಿಂತಿದೆ. ಪಂಜೆಯವರ ಬಾಳು ನಮಗೆ ಬೇಕಾಗಿರುವುದು ಈ ಕಾರಣದಿಂದ. ಏಕೆಂದರೆ ಕನ್ನಡದ ಮಕ್ಕಳಿಗೆ ಮೊತ್ತಮೊದಲು ಬಾಯ್ತುಂಬ ಹಾಡು ಕೊಟ್ಟವರೆಂದು ನಾವು ಕೊಂಡಾಡುವ ಈ ಮನುಷ್ಯರ ಮನೆಮಾತು ಕನ್ನಡವಾಗಿರಲಿಲ್ಲ.

ಮಂಗೇಶರಾಯರು 1874ರ ಫೆಬ್ರವರಿ 22ರಂದು ನೇತ್ರಾವತಿಯ ದಡದ ಬಂಟವಾಳದಲ್ಲಿ ಜನಿಸಿದರು. ಸುಬ್ರಹ್ಮಣ್ಯದ ಕಡೆಯ ಪಂಜವೆಂಬ ಊರಿನಿಂದ ಹಿರಿಯರು ಬಂದು ನೆಲಸಿದ್ದರಾಗಿ ಮನೆತನಕ್ಕೆ ಆ ಹೆಸರು. ಸಾರಸ್ವತ ಕುಟುಂಬ, ಒಲೆಯ ಮುಂದಿನ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ಬೀದಿಯಲ್ಲಿ ತುಳು. ಕನ್ನಡವು ಮಠದಲ್ಲಿ, ಯಕ್ಷಗಾನದಲ್ಲಿ, ಪುರಾಣವಾಚನದಲ್ಲಿ, ಸರಕಾರದ ಕಚೇರಿಯಲ್ಲಿ. ತಂದೆಯವರು ಬೇಗನೆ ತೀರಿಕೊಂಡುದರಿಂದ ತಮ್ಮಂದಿರ ಹೊರೆಯು ಎಳೆಯ ಹೆಗಲಿಗೆ ಬಿತ್ತು. ಬಡತನದಲ್ಲಿಯೇ ಮಂಗಳೂರಿನಲ್ಲಿ ಓದಿದರು. ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಉದ್ಯೋಗಕ್ಕೆ ಸೇರಿ, ಆಮೇಲೆ ಪದವಿಯನ್ನೂ ಅಧ್ಯಾಪನದ ಪರೀಕ್ಷೆಯನ್ನೂ ಮುಗಿಸಿಕೊಂಡು, ಮದರಾಸು ಸರಕಾರದ ಶಿಕ್ಷಣ ಇಲಾಖೆಯಲ್ಲಿ ಶಾಲೆಗಳ ಇನ್ಸ್‌ಪೆಕ್ಟರಿಕೆಯನ್ನು ಮಾಡಿದರು. ಮುಂದೆ ಮಡಿಕೇರಿಯಲ್ಲಿ ಹೆಡ್‌ಮಾಸ್ತರರಾದರು. ಉದ್ಯೋಗದ ಚರಿತ್ರೆಯಾಗಿ ನೋಡಿದರೆ ಇದರಲ್ಲಿ ಅದ್ಭುತವೇನೂ ಕಾಣಿಸದು. ಅಂಥ ಅಧಿಕಾರಿಗಳು ಆ ಕಾಲದಲ್ಲಿ ನೂರಾರು ಮಂದಿ ಇದ್ದರು. ವರದಿ ಬರೆದರು, ಪಿಂಚಣಿ ಪಡೆದರು, ಮರೆತುಹೋದರು.

ಇಲ್ಲಿ ಒಂದು ಮಾತನ್ನು ಜ್ಞಾಪಿಸಬೇಕು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಒಂದೇ ಮದರಾಸು ಆಧಿಪತ್ಯದ ಜಿಲ್ಲೆಗಳು. ಒಂದು 1799ರಲ್ಲಿ ಟಿಪ್ಪುವಿನ ಪತನದಿಂದ ಕಂಪೆನಿಯ ಕೈಸೇರಿತು. ಇನ್ನೊಂದನ್ನು ಮರುವರ್ಷ 1800ರಲ್ಲಿ ನಿಜಾಮನು ಬಿಟ್ಟುಕೊಟ್ಟನು. ನಡುವೆ ಮೈಸೂರು ಸಂಸ್ಥಾನವಿದ್ದರೂ ಈ ಎರಡು ಜಿಲ್ಲೆಗಳ ಕನ್ನಡ ಶಾಲೆಗಳು ಒಂದೇ ಇಲಾಖೆಯ ಕೆಳಗೆ, ಒಂದೇ ಮದರಾಸಿನ ಕಡೆಗೆ ಮುಖಮಾಡಿ ನಿಂತಿದ್ದವು. ಪತ್ರಿಕೆಯ ವಾಚಕರಿಗೆ ಇನ್ನೊಂದು ನಂಟನ್ನು ಹೇಳಿದರೆ ಸಂತೋಷವಾದೀತು: 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು, ಮರುವರ್ಷವೇ ಮೊಳೆಯಚ್ಚನ್ನು ಹುಡುಕಿಕೊಂಡು ಬಂದುದು ನಮ್ಮ ಬಳ್ಳಾರಿಗೆ. ಇಲ್ಲಿ ಅದು ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿಕೊಂಡಿತು. ಕನ್ನಡದ ಮೊದಲ ವೃತ್ತಪತ್ರಿಕೆಯು ಊರಿನ ಹೆಸರನ್ನು ಬಿಟ್ಟು ಭಾಷೆಯ ಹೆಸರನ್ನು ಹೊತ್ತುದು ಈ ಊರಿನಲ್ಲಿ ಎಂಬುದನ್ನು ಬಳ್ಳಾರಿಯವರು ಇನ್ನಷ್ಟು ಅಭಿಮಾನದಿಂದ ಹೇಳಿಕೊಳ್ಳಬಹುದು.

ಇರಲಿ. ಮಂಗೇಶರಾಯರು ಇನ್ಸ್‌ಪೆಕ್ಟರರಾಗಿ ಊರೂರು ಸುತ್ತಿದಾಗ ಕಂಡುದೇನು? ಗದ್ದೆಯ ಬದುವಿನಲ್ಲಿ ನಡೆದು, ತೋಡು ದಾಟಿ ಬರುವ ಮಕ್ಕಳು. ಹುಲ್ಲಿನ ಮಾಡಿನ ಕೆಳಗೆ ಬೆತ್ತ ಹಿಡಿದ ಉಪಾಧ್ಯಾಯರು. ಬಾಯಿಪಾಠಕ್ಕೆ ಹಳಗನ್ನಡದ ಪದ್ಯಗಳು, ನೀತಿಯ ಮಾತುಗಳು. ಆ ಪದ್ಯಗಳನ್ನು ಹೀನೈಸುವುದು ನಮ್ಮ ಉದ್ದೇಶವಲ್ಲ. ಕವಿಗಳನ್ನು ಸ್ವತಃ ಆಳವಾಗಿ ಓದಿದ್ದವರು ಅವರು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದ ವಿದ್ವಾಂಸರು, ತಮ್ಮನ್ನು ‘ಕವಿಶಿಷ್ಯ’ರೆಂದು ಕರೆದುಕೊಂಡವರು. ಆದರೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಬಂದ ಆರು ವರ್ಷದ ಮಗುವಿಗೆ ಷಟ್ಪದಿಯಿಂದ ಕನ್ನಡವನ್ನು ಆರಂಭಿಸುವುದೆಂದರೆ, ಈಜು ಬಾರದವನನ್ನು ನಡುಗಡಲಿಗೆ ಇಳಿಸಿದಂತೆ. ಆ ಮಗು ಒಂದು ಕಾಲದಲ್ಲಿ ತಾವೇ ಆಗಿದ್ದರು ಎಂಬುದನ್ನು ಮಂಗೇಶರಾಯರು ಮರೆಯಲಿಲ್ಲ. ಅವರ ಸಾಹಿತ್ಯದ ಮರ್ಮವೆಲ್ಲ ನಮ್ಮ ತಿಳಿವಳಿಕೆಯಲ್ಲಿ ಈ ಒಂದು ಜ್ಞಾಪಕಶಕ್ತಿಯಲ್ಲಿದೆ.

ನಾಗರಹಾವಿನ ಹಾಡನ್ನೇ ತೆಗೆದುಕೊಳ್ಳೋಣ. ಹಾವೆಂದರೆ ಮಲೆನಾಡು ಕರಾವಳಿಗಳ ಮಗುವಿಗೆ ದಿನವೂ ಕಾಲಬುಡದಲ್ಲಿರುವ ಭಯ; ಜೊತೆಗೆ ತಾಯಿ ಕೈಮುಗಿಯುವ ದೇವರು. ಈ ಭಯಭಕ್ತಿಗಳೆರಡನ್ನೂ ಹೊತ್ತ ಮಗುವು ಹಾಡಿನಲ್ಲಿ ಹಾವನ್ನು ಮಾತನಾಡಿಸುತ್ತದೆ. ಮೊದಲು ಕರೆಯುತ್ತದೆ, ಹಾಲಿನ ಆಸೆ ತೋರಿಸುತ್ತದೆ, ಕೊಳಲೂದಿ ಆಡಿಸುತ್ತದೆ, ತಲೆಯಲ್ಲಿ ರತ್ನವಿದೆಯಂತಲ್ಲ, ಕೊಡು ಎನ್ನುತ್ತದೆ, ಕೊನೆಗೆ ಹಾವಿನ ಒಳಗಿರುವ ಹಗೆಯು ನೆನಪಾಗಿ, ವಿನಯದಿಂದಲೇ ನಮಸ್ಕಾರ ಹಾಕಿ ಹೊರಗೆ ಸಾಗಹಾಕುತ್ತದೆ. ಇಡೀ ಒಂದು ನಾಟಕವು ನಾಲ್ಕು ಚಿಕ್ಕ ಪದ್ಯಗಳಲ್ಲಿ ಮುಗಿದುಹೋಯಿತು. ನೀತಿಯನ್ನು ಎಲ್ಲಿಯೂ ಹೇಳಲಿಲ್ಲ. ಆದರೂ ಮಗುವಿಗೆ ತಿಳಿಯಬೇಕಾದುದು ತಿಳಿಯಿತು. ಇನ್ನೂ ಒಂದು ಕೌಶಲವನ್ನು ಉಪಾಧ್ಯಾಯರಾದವರು ಗಮನಿಸಬೇಕು. ಪ್ರತಿಯೊಂದು ಪದ್ಯದ ತುದಿಯಲ್ಲಿ ಒಂದೇ ಅಕ್ಷರದ, ಆದರೆ ಪೂರ್ಣಾರ್ಥವುಳ್ಳ ಮಾತೊಂದು ಮರಳಿ ಮರಳಿ ಬರುತ್ತದೆ. ಕಾಗುಣಿತದ ದೀರ್ಘವನ್ನು ಹಲಗೆಯ ಮೇಲೆ ತೀಡಿ ತೀಡಿ ಬೆರಳು ನೋಯಿಸಿಕೊಂಡ ಮಗುವಿಗೆ, ಒಂದೇ ಅಕ್ಷರಕ್ಕೂ ಪ್ರಾಣವುಂಟು, ಅದರಿಂದ ಒಬ್ಬರನ್ನು ಕರೆಯಬಹುದು, ಕಳುಹಿಸಬಹುದು ಎಂಬ ಆನಂದವು ಬಾಯಲ್ಲಿಯೇ ಹುಟ್ಟುತ್ತದೆ. ಇದು ಕವಿಯ ಕೆಲಸವೋ, ಇನ್ಸ್‌ಪೆಕ್ಟರರ ಕೆಲಸವೋ? ಎರಡನ್ನೂ ಬೇರೆ ಮಾಡಲು ಬಾರದು.

ಈ ಬಗೆಯ ಪದ್ಯಗಳನ್ನು ಅವರು ಪುಸ್ತಕ ಪ್ರಕಟಿಸಿ ಹೆಸರು ಗಳಿಸಬೇಕೆಂದು ಬರೆದವರಲ್ಲ. ಶಾಲೆಯ ಪದ್ಯಪುಸ್ತಕಗಳಿಗೆ ತಕ್ಕ ಪದ್ಯಗಳು ಕನ್ನಡದಲ್ಲಿ ಇರಲಿಲ್ಲವಾಗಿ ತಾವೇ ಬರೆದು ತುಂಬಿದರು. ತೆಂಕಣ ಗಾಳಿಯಾಟವನ್ನು ಕುರಿತ ಪದ್ಯದಲ್ಲಿ ಮುಂಗಾರಿನ ಬಿರುಗಾಳಿಯು ಕಡಲಿನಿಂದೆದ್ದು ಮರಮಾಡುಗಳನ್ನು ಅಲುಗಿಸುವ ಸದ್ದನ್ನು ಕನ್ನಡದ ಅನುಕರಣ ಶಬ್ದಗಳಲ್ಲಿಯೇ ಕೇಳಿಸಿದರು. ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದ ಮಗುವು ಅಂಥ ಮಳೆಗಾಳಿಯನ್ನು ಕಂಡಿರದು. ಆದರೂ ಹಾಡುವಾಗ ಅದರ ಮೈ ಜುಮ್ಮೆನ್ನುತ್ತದೆ. ಕಥೆಗಳೂ ಅಷ್ಟೇ. ‘ಗುಡುಗುಡು ಗುಮ್ಮಟ ದೇವರು’, ‘ಅಜ್ಜಿ ಸಾಕಿದ ಮಗ’, ‘ಹೇನು ಸತ್ತು ಕಾಗೆ ಬಡವಾಯಿತು’, ‘ಇಲಿಗಳ ತಕಥೈ’: ಹೆಸರು ಹೇಳಿದೊಡನೆಯೇ ಮಗು ಹತ್ತಿರ ಸರಿದು ಕೂರುತ್ತದೆ. ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದುದು. ಹಾಗೆ ಹೊರಗಿನಿಂದ ತಂದುವು ಇನ್ನೂ ಕೆಲವುಂಟು. ತಂದುವೆಂದು ಯಾರಿಗೂ ತೋರದಷ್ಟು ಮಟ್ಟಿಗೆ ಅವನ್ನು ಕನ್ನಡದ ಅಂಗಳದಲ್ಲಿ ಆಡಲು ಬಿಟ್ಟರು. ಕೆಲವು ಪದ್ಯಗಳಲ್ಲಿ ಹಳೆಯ ಕಾವ್ಯದ ಕ್ರಿಯಾಪದಗಳು ಇಂದಿನ ಮಗುವಿಗೆ ತೊಡಕಾಗುತ್ತವೆಂಬುದನ್ನು ಒಪ್ಪಬೇಕು. ಅವರಾದರೂ ಒಂದು ಕಾಲು ಹಳಗನ್ನಡದಲ್ಲಿಟ್ಟುಕೊಂಡೇ ಹೊಸಗನ್ನಡಕ್ಕೆ ಕಾಲಿಟ್ಟ ತಲೆಮಾರಿನವರು.

ದೊಡ್ಡವರಿಗಾಗಿಯೂ ಅವರು ಬರೆದರು. ಬೆನೆಗಲ್ ರಾಮರಾಯರು ಮಂಗಳೂರಿನಲ್ಲಿ ನಡೆಸುತ್ತಿದ್ದ ‘ಸುವಾಸಿನಿ’ಯಲ್ಲಿ ‘ರಾ. ಮ. ಪಂ.’ ಎಂಬ ಅಕ್ಷರಗಳ ಮರೆಯಲ್ಲಿ ನಿಂತು ಬರೆದ ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ ಮುಂತಾದುವು ಕನ್ನಡದ ಸಣ್ಣಕಥೆಯ ಆದಿಯಲ್ಲಿ ನಿಲ್ಲುತ್ತವೆ. ಅವುಗಳ ವಿಮರ್ಶೆಯನ್ನು ಬಲ್ಲವರು ಮಾಡಿದ್ದಾರೆ. ನಮಗೆ ಇಲ್ಲಿ ಅದು ಬೇಡ.

ಆದರೆ ‘ಕೋಟಿ ಚೆನ್ನಯ’ವನ್ನು ಬಿಟ್ಟು ಮುಂದೆ ಹೋಗಲಾಗದು. 1924ರಲ್ಲಿ ಬಂದ ಈ ಕಥೆಯು ತುಳುನಾಡಿನ ಬಿಲ್ಲವ ಕುಲದ ಅವಳಿ ವೀರರದು. ಗರಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವವರದು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿಯೂ ಭೂತದ ಕೋಲದಲ್ಲಿಯೂ ಪಾಡ್ದನವಾಗಿ ಉಳಿದಿದ್ದುದನ್ನು ಎತ್ತಿ ಮಂಗೇಶರಾಯರು ಕನ್ನಡ ಗದ್ಯದಲ್ಲಿ ಎಳೆಯರ ಕೈಗಿಟ್ಟರು. ಕೊಂಕಣಿ ಮನೆಯ ವಿದ್ವಾಂಸರೊಬ್ಬರು ತುಳುವರ ವೀರರನ್ನು ಕನ್ನಡದ ಮಕ್ಕಳಿಗೆ ಪರಿಚಯ ಮಾಡಿಕೊಟ್ಟರು ಎಂಬಲ್ಲಿ ಮೂರು ಭಾಷೆಗಳು ಜಗಳವಿಲ್ಲದೆ ಒಂದಾದುದನ್ನು ಕಾಣಿರಿ. ಆ ವೀರರು ಉಚ್ಚವರ್ಣದವರಲ್ಲವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ನಮ್ಮ ಸೀಮೆಗೂ ಅಂಥ ವೀರನಿಲ್ಲದೆ ಇಲ್ಲ. ಕಂಪಿಲಿಯ ಕುಮಾರರಾಮನು ಕುಮ್ಮಟದುರ್ಗದಲ್ಲಿ ದೆಹಲಿಯ ದಂಡನ್ನು ಎದುರಿಸಿ ಮಡಿದ ಕಥೆಯನ್ನು ನಮ್ಮ ಹಳ್ಳಿಯ ಮುದುಕರು ಬಲ್ಲರು. ಹಳೆಯ ಕವಿಗಳು ಸಾಂಗತ್ಯಗಳಲ್ಲಿ ಹಾಡಿದರು. ಮೂರನೆಯ ತರಗತಿಯ ಬಾಲಕನು ತಾನಾಗಿ ಓದಿಕೊಂಡು ರಾತ್ರಿ ನಿದ್ದೆಗೆಡುವಂತೆ ಆ ಕಥೆಯನ್ನು ಬರೆಯಲು ಬಳ್ಳಾರಿಯ ಲೇಖಕರಿಗೆ ಅಡ್ಡಿಯೇನು?

ಮಡಿಕೇರಿಗೆ ಹೋದ ಮಂಗೇಶರಾಯರಿಗೆ ಅಲ್ಲಿ ಎದುರಾದುದು ನಾಲ್ಕನೆಯ ಭಾಷೆ. ಕೊಡವ ಮಕ್ಕಳ ಮನೆಮಾತು ಕೊಡವ ತಕ್ಕು, ಶಾಲೆಯಲ್ಲಿ ಕನ್ನಡ. ಹೊರಗಿನಿಂದ ಬಂದ ಹೆಡ್‌ಮಾಸ್ತರರು ಮಾಡಿದ್ದೇನು? ಆ ಜನರ ಸುಗ್ಗಿಯ ಹಬ್ಬವನ್ನು, ಅವರ ಬೆಟ್ಟಗಳನ್ನು, ಕಾವೇರಿಯನ್ನು, ಪೂರ್ವಿಕರ ಪರಾಕ್ರಮವನ್ನು ಎತ್ತಿಕೊಂಡು ಕನ್ನಡದಲ್ಲಿ ‘ಹುತ್ತರಿಯ ಹಾಡ’ನ್ನು ಕಟ್ಟಿದರು. ಕೊಡಗಿನವರು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಕನ್ನಡವನ್ನು ಕಲಿಸಬೇಕಾದರೆ ಮಗುವಿನ ಮನೆಯ ಬಾಗಿಲನ್ನು ಮುಚ್ಚಿಸಬೇಕೆಂಬ ಭ್ರಮೆಯುಳ್ಳವರು ಈ ಸಂಗತಿಯನ್ನು ಚೆನ್ನಾಗಿ ಯೋಚಿಸಬೇಕು. ಮಗುವಿನ ಹಬ್ಬವನ್ನು ಕನ್ನಡವು ಮೊದಲು ತಾನು ಆಚರಿಸಿತು. ಆಮೇಲೆ ಮಗುವು ಕನ್ನಡವನ್ನು ಹಾಡಿತು.

ಮಂಗಳೂರಿನಲ್ಲಿ ಜೊತೆಗಾರರನ್ನು ಕೂಡಿಸಿಕೊಂಡು ಅವರು ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಚಿಕ್ಕ ಚಿಕ್ಕ ಪುಸ್ತಕಗಳನ್ನು ಹೊರತಂದುದೂ ಸ್ಮರಣೀಯವಾದುದು. ಮಕ್ಕಳಿಗಾಗಿ ಬರೆಯುವುದು ಒಬ್ಬನ ಹವ್ಯಾಸವಾಗಿ ನಿಂತುಹೋಗದೆ ಹತ್ತು ಜನರ ಕೆಲಸವಾಗಬೇಕೆಂಬ ವಿವೇಕ ಅದರಲ್ಲಿತ್ತು. ಅದೇ ಜಿಲ್ಲೆಯ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ಒಂದು ಜಿಲ್ಲೆಯಲ್ಲಿ ಗಾಳಿಯು ಒಮ್ಮೆ ಹದಗೊಂಡರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ.

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ರಾಯಚೂರಿನಲ್ಲಿ ಸೇರಿತು. ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ದಾಟಿದರೆ ಆಚೆಯ ದಡವೇ ರಾಯಚೂರು ಸೀಮೆ. ಆದರೆ ಅಂದು ಆ ದಡವು ನಿಜಾಮನ ರಾಜ್ಯ, ಈ ದಡವು ಬ್ರಿಟಿಷರದು. ಆಚೆಯ ಕನ್ನಡದ ಮಕ್ಕಳಿಗೆ ಸರಕಾರದ ಶಿಕ್ಷಣವು ದೊರೆಯುತ್ತಿದ್ದುದು ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಪಾಠ ಹೇಳುತ್ತಿತ್ತು. ಮಗುವಿಗೆ ತನ್ನ ನುಡಿಯ ಶಾಲೆಯೇ ಇಲ್ಲದ ಆ ನಾಡಿನಲ್ಲಿ ನಡೆದ ಸಮ್ಮೇಲನಕ್ಕೆ ಅಧ್ಯಕ್ಷರಾಗಿ ಹೋದವರು ಮಕ್ಕಳ ಹಾಡಿನ ಮಂಗೇಶರಾಯರು. ಆರಿಸಿದವರು ಇದನ್ನೆಲ್ಲ ಆಲೋಚಿಸಿಯೇ ಆರಿಸಿದರೆಂದು ನಾವು ಹೇಳುವುದಿಲ್ಲ. ಆದರೂ ಅದಕ್ಕಿಂತ ಉಚಿತವಾದ ಆಯ್ಕೆಯನ್ನು ಕಲ್ಪಿಸುವುದು ಕಷ್ಟ. ಮೂರು ವರ್ಷಗಳ ಮೇಲೆ, 1937ರ ಅಕ್ಟೋಬರಿನಲ್ಲಿ, ಅದೇ ನಿಜಾಮ ರಾಜ್ಯದ ರಾಜಧಾನಿಯಾದ ಹೈದರಾಬಾದಿನಲ್ಲಿ ಅವರು ಕೊನೆಯುಸಿರೆಳೆದರು.

ಮದರಾಸು ಆಧಿಪತ್ಯದಲ್ಲಿ ಹುಟ್ಟಿ, ಕೊಡಗಿನಲ್ಲಿ ದುಡಿದು, ರಾಯಚೂರಿನಲ್ಲಿ ಗೌರವ ಪಡೆದು, ಹೈದರಾಬಾದಿನಲ್ಲಿ ತೀರಿಕೊಂಡ ಈ ಬಾಳಿನಲ್ಲಿ ಅಂದಿನ ಹರಿದುಹಂಚಿದ ಕನ್ನಡ ನಾಡಿನ ಭೂಪಟವೇ ಕಾಣಿಸುತ್ತದೆ. ರಾಜಕೀಯವಾಗಿ ಆ ತುಂಡುಗಳನ್ನು ಹೊಲಿಯಲು ಇನ್ನೂ ಬಹುಕಾಲ ಹಿಡಿಯಿತು. ಬಳ್ಳಾರಿಯ ಮಟ್ಟಿಗೆ ಆ ದಿನವು 1953ರ ಅಕ್ಟೋಬರ್ 1. ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಮೇಲೆ ಬಳ್ಳಾರಿ ತಾಲೂಕು ಮೈಸೂರಿಗೆ ಸೇರಿತು. ಆ ಸಂಭ್ರಮದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದ ರಂಜಾನ್ ಸಾಬರು ದುಷ್ಕರ್ಮಿಗಳ ಆಸಿಡ್ಡಿಗೆ ಬಲಿಯಾದರು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. 1956ರಲ್ಲಿ ಪಂಜೆಯವರ ಜಿಲ್ಲೆಯಿಂದಲೂ ಕಾಸರಗೋಡು ಕಳಚಿ ಕೇರಳಕ್ಕೆ ಸೇರಿತು. ಗಡಿಯ ಆಚೆಗೆ ಕನ್ನಡದ ಮನೆಗಳು ಉಳಿದುವು, ಈಚೆಗೆ ತೆಲುಗಿನ ಮನೆಗಳು ಉಳಿದುವು. ಗೆರೆ ಎಳೆಯುವವರ ಕಣ್ಣಿಗೆ ಮನೆಯೊಳಗಿನ ಮಾತು ಪೂರ್ತಿಯಾಗಿ ಬೀಳುವುದು ಎಂದಿಗೂ ಸಾಧ್ಯವಿಲ್ಲ.

ಬಳ್ಳಾರಿಯು ಎರಡು ಭಾಷೆಗಳನ್ನು ಹೊತ್ತುಕೊಂಡುದಕ್ಕಾಗಿ ನಾಚಿಕೊಳ್ಳಬೇಕಾದ ಊರಲ್ಲ. ಧರ್ಮವರಂ ಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ತೆಲುಗಿನ ನಾಟಕಗಳನ್ನು ಬರೆದುದು ಇಲ್ಲಿ. ಬಳ್ಳಾರಿ ರಾಘವರು ತೆಲುಗು ಕನ್ನಡಗಳೆರಡರ ರಂಗದ ಮೇಲೆಯೂ ಮೆರೆದುದು ಇಲ್ಲಿ. 1926ರಲ್ಲಿಯೂ 1938ರಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಲನವು ನೆರೆದುದು ಇಲ್ಲಿ. ಮೊದಲನೆಯದಕ್ಕೆ ವಚನ ಪಿತಾಮಹ ಫ. ಗು. ಹಳಕಟ್ಟಿಯವರೂ ಎರಡನೆಯದಕ್ಕೆ ರಂಗನಾಥ ದಿವಾಕರರೂ ಅಧ್ಯಕ್ಷರು. ಎರಡು ಮಾತಿನ ಊರು ಕನ್ನಡಕ್ಕೆ ಎರವಾದುದು ಎಂದು ತಿಳಿಯುವವರು ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ಒಮ್ಮೆ ತಿರುವಿಹಾಕಬೇಕು. ನಾಯಿಮರಿಯ ಹಾಡನ್ನೂ ‘ತುತ್ತೂರಿ’ಯನ್ನೂ ಕೊಟ್ಟ ಜಿ. ಪಿ. ರಾಜರತ್ನಂ ಅವರ ಮನೆಮಾತು ತಮಿಳು. ಅವರು 1978ರಲ್ಲಿ ದೆಹಲಿಯ ಸಮ್ಮೇಲನದ ಅಧ್ಯಕ್ಷರು. ಮುಳುಗಡೆಯ ಊರಿನ ಕಥೆಯನ್ನು ಮಕ್ಕಳಿಗೆ ಹೇಳಿ 2011ರಲ್ಲಿ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ, 2025ರ ಜನವರಿಯಲ್ಲಿ ನಮ್ಮನ್ನಗಲಿದ ಸಾಗರದ ನಾ. ಡಿಸೋಜ ಅವರ ಮನೆಮಾತು ಕೊಂಕಣಿ. ಅವರು 2014ರಲ್ಲಿ ಮಡಿಕೇರಿಯ ಸಮ್ಮೇಲನದ ಅಧ್ಯಕ್ಷರು. ಇವರಾರಿಗೂ ಕನ್ನಡವು ಹೆತ್ತ ತಾಯಿಯ ಮಾತಲ್ಲ. ಆದರೂ ಕನ್ನಡದ ಎಳೆಯರು ಇವರ ತೊಡೆಯ ಮೇಲೆ ಕುಳಿತು ಮಾತು ಕಲಿತರು. ಹುಟ್ಟಿನಿಂದ ಬಂದವರಿಗೆ ಭಾಷೆಯು ಗಾಳಿಯಂತೆ, ಇದೆಯೆಂದೇ ತೋರುವುದಿಲ್ಲ. ಕಲಿತು ಒಲಿದವರಿಗೆ ಅದರ ಒಂದೊಂದು ಸದ್ದೂ ಕೇಳಿಸುತ್ತದೆ. ಮಕ್ಕಳ ಕಿವಿಯೂ ಅಂಥದೇ ಅಲ್ಲವೆ?

ಹೀಗಿರುವಾಗ ನಮ್ಮ ಇಂದಿನ ಸ್ಥಿತಿಯೇನು? ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಬಲವಂತಪಡಿಸಲಾಗದೆಂದು ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. 2019–20ರಲ್ಲಿ ಸರಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಹೊರಟಿತು. ಇವುಗಳ ಸರಿತಪ್ಪುಗಳ ಚರ್ಚೆಗೆ ಈ ಅಂಕಣದಲ್ಲಿ ಎಡೆಯಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ: ಕನ್ನಡವು ಇನ್ನು ಮೇಲೆ ಕಾನೂನಿನ ಕೈಹಿಡಿದು ಮಗುವಿನ ಬಳಿಗೆ ಹೋಗುವಂತಿಲ್ಲ, ಮಗುವೇ ಅದನ್ನು ಬಯಸಿ ಬರಬೇಕು. ತೆಲುಗು ಮನೆಯ ಮಗುವಾಗಲಿ, ಇಂಗ್ಲಿಷ್ ಶಾಲೆಯ ಮಗುವಾಗಲಿ, ಕನ್ನಡದ ಪುಸ್ತಕವನ್ನು ಪರೀಕ್ಷೆಯ ಅಂಕಕ್ಕಾಗಿ ಅಲ್ಲದೆ ಕಥೆಯ ಆಸೆಗಾಗಿ ಬಿಡಿಸಬೇಕು. ಅದು ಸುತ್ತೋಲೆಯಿಂದ ಆಗುವ ಕೆಲಸವೆ?

ಸರಕಾರಕ್ಕೆ ಇದು ತಿಳಿಯದೆಂದು ಹೇಳಿದರೆ ಅನ್ಯಾಯವಾದೀತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ನಾಡಿನಾದ್ಯಂತ ಹಬ್ಬಿದ ‘ನಲಿ–ಕಲಿ’ಯು ಹಾಡು, ಕಥೆ, ಆಟಗಳಿಂದ ಕಲಿಸುವ ಕ್ರಮವನ್ನು ಹಿಡಿಯಿತು, ಮಂಗೇಶರಾಯರು ಒಂಟಿಯಾಗಿ ಮಾಡಿದುದನ್ನು ಇಲಾಖೆಯು ಮುಕ್ಕಾಲು ಶತಮಾನದ ಮೇಲೆ ಪದ್ಧತಿಯಾಗಿ ಮಾಡಿಕೊಂಡಿತೆನ್ನಬಹುದು. 2020ರಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ‘ಓದುವ ಬೆಳಕು’ ಕಾರ್ಯಕ್ರಮವೂ ಬಂದಿತು. ಸದಸ್ಯತ್ವದ ಚೀಟಿಯನ್ನು ಹಿಡಿದು ಬಂದ ಮಗುವಿಗೆ ಕಪಾಟಿನಲ್ಲಿ ಕಾಣಿಸುವುದೇನು ಎಂಬುದು ಮುಂದಿನ ಪ್ರಶ್ನೆ. ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳೂ, ಯಾರೂ ಬಿಡಿಸದ ಅಭಿನಂದನ ಗ್ರಂಥಗಳೂ ಅಲ್ಲಿ ತುಂಬಿಕೊಂಡಿದ್ದರೆ ಆ ಮಗು ಎರಡನೆಯ ಸಲ ಬಾರದು. ಅದನ್ನು ಯಾರೂ ದೂರಲಾರರು.

ನಮ್ಮ ಪತ್ರವನ್ನು ಓದುವವರಲ್ಲಿ ಅಧಿಕಾರಿಗಳು ಅನೇಕರಿರುವುದರಿಂದ ಅವರಿಗೆ ವಿಶೇಷವಾಗಿ ಒಂದು ಮಾತು. ಮಂಗೇಶರಾಯರಿಗೆ ಪದ್ಯ ಬರೆಯಬೇಕೆಂದು ಮೇಲಿನವರ ಅಪ್ಪಣೆಯಿರಲಿಲ್ಲ. ಬರೆಯದಿದ್ದರೆ ಕೇಳುವವರೂ ಇರಲಿಲ್ಲ. ತಪಾಸಣೆಗೆ ಹೋದಲ್ಲಿ ಹಾಜರಿ ಪಟ್ಟಿಯ ಜೊತೆಗೆ ಮಗುವಿನ ಮುಖವನ್ನೂ ನೋಡಿದರು. ತರಗತಿಯಲ್ಲಿ ತಾವೇ ನಿಂತು ಹಾಡಿ ಕಥೆ ಹೇಳಿದರು. ಇಂದಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲೆ ಅಂಕಿಅಂಶಗಳ ಹೊರೆ ಹೆಚ್ಚೆಂಬುದನ್ನು ನಾವು ಬಲ್ಲೆವು. ಎಲ್ಲರೂ ಕವಿಗಳಾಗಬೇಕೆಂದು ಯಾರೂ ಕೇಳುವುದಿಲ್ಲ. ಸಂದರ್ಶನಕ್ಕೆ ಹೋದ ಶಾಲೆಯಲ್ಲಿ ಅರ್ಧಗಂಟೆ ಕುರ್ಚಿಯನ್ನು ಬಿಟ್ಟು ಮಕ್ಕಳ ಸಾಲಿನಲ್ಲಿ ಕುಳಿತು, ಪಠ್ಯಪುಸ್ತಕದ ಹೊರಗಿನ ಒಂದು ಕನ್ನಡ ಕಥೆಯನ್ನು ಓದಿಸಿ ಕೇಳುವುದು ಯಾವ ನಿಯಮಕ್ಕೂ ವಿರುದ್ಧವಾಗದು. ಮನೆಯಲ್ಲಿ ತೆಲುಗನ್ನಾಡುವ ಮಗುವು ಅದೇ ಕಥೆಯನ್ನು ತೆಲುಗಿನಲ್ಲಿ ತನ್ನ ಅವ್ವನಿಗೆ ಹೇಳಿತೆಂದರೆ, ಪುಸ್ತಕವು ಗೆದ್ದಿತೆಂದು ತಿಳಿಯಬೇಕು.

ಬರೆಯುವವರೂ ಇಲ್ಲವೆಂದಲ್ಲ. 2025ರ ಬಾಲಸಾಹಿತ್ಯ ಪುರಸ್ಕಾರವನ್ನು ಸಾಹಿತ್ಯ ಅಕಾದೆಮಿಯು ಕನ್ನಡದಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಎಂಬ ಕಥಾಸಂಕಲನಕ್ಕೆ ಕೊಟ್ಟಿತು. ಹಂದಿಹಾಳು ಎಂಬುದು ನಮ್ಮ ಬಳ್ಳಾರಿ ತಾಲೂಕಿನ ಊರ ಹೆಸರು. ಪುರಸ್ಕಾರದ ಸುದ್ದಿಯನ್ನು ಪತ್ರಿಕೆಗಳೆಲ್ಲ ಅಚ್ಚುಮಾಡಿದುವು. ಆ ಪುಸ್ತಕದ ಎಷ್ಟು ಪ್ರತಿಗಳು ಸತ್ಯನಾರಾಯಣಪೇಟೆಯ ಸುತ್ತಲಿನ ಶಾಲೆಗಳಲ್ಲಿ, ಸಿರುಗುಪ್ಪ ಕುರುಗೋಡುಗಳ ಪಂಚಾಯತಿ ಗ್ರಂಥಾಲಯಗಳಲ್ಲಿ ಇವೆಯೆಂಬುದನ್ನು, ಪಂಜೆಯವರ ಕಥೆಗಳು ಎಷ್ಟಿವೆಯೆಂಬುದನ್ನೂ ಕೂಡಿಸಿಕೊಂಡು, ಸಂಬಂಧಪಟ್ಟವರು ಈ ತಿಂಗಳೊಳಗಾಗಿ ಎಣಿಸಿ ಪ್ರಕಟಿಸಲಿ. ಎಣಿಕೆಯು ಬಂದೊಡನೆ ಅದನ್ನು ಇದೇ ಪುಟದಲ್ಲಿ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.